ಗೋಪುರವಿಲ್ಲದ ಪ್ರಾರ್ಥನಾಮನೆ

ಇಂಗ್ಲೆಂಡಿನ ಯಾರ್ಕ್‌ಷೈರ್, ಡರ್ಹಮ್, ಕಾರ್ನ್‌ವಾಲ್ ಕಡೆಯ ಹಳ್ಳಿಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ದೇವಾಲಯ ಸಿಗುತ್ತವೆ. ಒಂದಕ್ಕೆ ಗೋಪುರ, ಗಂಟೆ, ಸುತ್ತ ಸಮಾಧಿಗಳು. ಊರು ಅದರ ಸುತ್ತಲೇ ಬೆಳೆದಿರುತ್ತದೆ. ಇನ್ನೊಂದನ್ನು ಹುಡುಕಿಕೊಂಡು ಹೋಗಬೇಕು. ಓಣಿಯ ಕೊನೆಯಲ್ಲೋ ಹೊಲದ ಅಂಚಿನಲ್ಲೋ ಗಣಿ ಕೆಲಸಗಾರರ ಮನೆಗಳ ಸಾಲಿನಲ್ಲೋ ಸೇರಿಕೊಂಡಿರುವ ಕಲ್ಲಿನ ಚೌಕ ಕಟ್ಟಡ. ಎತ್ತರದ ಕಮಾನು ಕಿಟಕಿ ಎರಡು, ನಡುವೆ ಬಾಗಿಲು, ಬಾಗಿಲ ಮೇಲೆ ವರ್ಷ ಕೆತ್ತಿದ ಒಂದು ಕಲ್ಲು. ಆ ಕಲ್ಲು ಇಲ್ಲದಿದ್ದರೆ ಕಣಜವೆಂದುಕೊಂಡು ಮುಂದೆ ಹೋಗುವವರೇ ಹೆಚ್ಚು. ಅದೇ ಮೆಥಡಿಸ್ಟ್ ಚಾಪೆಲ್.

ಈ ಸರಳತೆಯನ್ನು ಭಕ್ತಿಯ ವಿನಯ ಎಂದು ಹೊಗಳುವ ರೂಢಿ ಇದೆ. ಅರ್ಧ ನಿಜ. ಉಳಿದರ್ಧ ಹಣದ ಲೆಕ್ಕ. ಹದಿನೆಂಟನೇ ಶತಮಾನದಲ್ಲಿ ಇಂಗ್ಲೆಂಡಿನ ಅಧಿಕೃತ ಸಭೆಯೊಳಗೇ ಹುಟ್ಟಿದ ಕ್ರೈಸ್ತ ಸುಧಾರಣೆಯ ಅಲೆ ಮೆಥಡಿಸ್ಟ್ ಚಳವಳಿ; ಅದರ ಮೂಲಪುರುಷ ಜಾನ್ ವೆಸ್ಲಿ ತನ್ನ ಬೋಧಕರಿಗೆ ಕೊಟ್ಟ ನಿಯಮಗಳಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದಾನೆ. ಬೋಧನೆಯ ಮನೆಗಳು ಸಾದಾ ಆಗಿ, ಒಪ್ಪವಾಗಿ ಇರಲಿ. ತೀರಾ ಅನಿವಾರ್ಯವಾದದ್ದಕ್ಕಿಂತ ಒಂದು ಕಾಸೂ ಹೆಚ್ಚು ಬೇಡ. ಹೆಚ್ಚು ಖರ್ಚು ಮಾಡಿದರೆ ಹಣವಂತರು ಬೇಕಾಗುತ್ತಾರೆ, ಅವರ ಹಂಗಿಗೆ ಬಿದ್ದರೆ ಅವರೇ ನಮ್ಮನ್ನು ಆಳುತ್ತಾರೆ, ಅಲ್ಲಿಗೆ ನಮ್ಮ ಶಿಸ್ತು ಮುಗಿಯಿತು ಎಂಬುದು ಅವನ ವಾದ. ಹಳ್ಳಿಯ ಚಾಪೆಲ್ ನೋಡುವಾಗ ಈ ಮಾತನ್ನು ಕೈಯಲ್ಲಿ ಹಿಡಿದುಕೊಂಡರೆ ಸಾಕು. ಕಿಟಕಿ, ಬೆಂಚು, ಗ್ಯಾಲರಿ (ಒಳಗೋಡೆಗೆ ಅಂಟಿದ ಮೇಲಂತಸ್ತಿನ ಆಸನಸಾಲು), ಅಡಿಗಲ್ಲು ಎಲ್ಲವೂ ಯಾರ ದುಡ್ಡು, ಯಾರ ಮಾತು ನಡೆಯಿತು ಎಂಬುದನ್ನು ಹೇಳತೊಡಗುತ್ತವೆ.

ಮೊದಲಿಗೆ ಇದು ಚರ್ಚ್ ಆಗಿರಲಿಲ್ಲ ಎಂಬುದು ತಿಳಿದಿರಬೇಕು. ವೆಸ್ಲಿ ಸಾಯುವವರೆಗೂ ಇಂಗ್ಲೆಂಡಿನ ಅಧಿಕೃತ ಸಭೆಯ ಪಾದ್ರಿಯಾಗಿಯೇ ಉಳಿದ. ದೀಕ್ಷಾಸ್ನಾನ, ಪ್ರಭುಭೋಜನದಂಥ ವಿಧಿಗಳಿಗೆ ಜನ ಊರಿನ ಹಳೇ ಚರ್ಚಿಗೇ ಹೋಗಬೇಕೆಂಬುದು ಅವನ ಅಪೇಕ್ಷೆ. ಚಾಪೆಲ್ ಇದ್ದದ್ದು ಬೋಧನೆ ಕೇಳುವುದಕ್ಕೆ, ಹಾಡುವುದಕ್ಕೆ. ಅದೂ ಬೆಳಿಗ್ಗೆ ಐದು ಗಂಟೆಗೆ, ಕೆಲಸಕ್ಕೆ ಹೋಗುವ ಮುಂಚೆ. ಹಾಗಾಗಿ ಬಲಿಪೀಠ ಬೇಡ, ಅದಕ್ಕೆಂದು ಪೂರ್ವದಿಕ್ಕಿಗೆ ಚಾಚಿದ ಭಾಗ ಬೇಡ, ಮೆರವಣಿಗೆಗೆ ನಡುದಾರಿ ಬೇಡ. ಬೇಕಾದದ್ದು ಒಂದೇ: ಒಬ್ಬನ ದನಿ ಎಲ್ಲರಿಗೂ ಮುಟ್ಟಬೇಕು, ಅವನ ಮುಖ ಎಲ್ಲರಿಗೂ ಕಾಣಬೇಕು.

ಇದಕ್ಕೆ ವೆಸ್ಲಿ ಮೆಚ್ಚಿದ ಆಕಾರ ಎಂಟು ಮೂಲೆಯದು. 1757ರಲ್ಲಿ ಅವನು ನಾರ್ವಿಚ್ ನಗರದಲ್ಲಿ ಪ್ರೆಸ್ಬಿಟೇರಿಯನ್ನರೆಂಬ ಇನ್ನೊಂದು ಪಂಗಡದವರು ಆಗಷ್ಟೇ ಕಟ್ಟಿಸಿದ್ದ ಅಷ್ಟಕೋನದ ಸಭಾಮಂದಿರ ನೋಡಿದ. ಯೂರೋಪಿನಲ್ಲೇ ಇಷ್ಟು ಸೊಗಸಾದದ್ದು ಇರಲಿಕ್ಕಿಲ್ಲವೆಂದು ದಿನಚರಿಯಲ್ಲಿ ಬರೆದ. ಇಷ್ಟು ನಯನಾಜೂಕಿನ ಜಾಗದೊಳಗೆ ಹಳೆಯ ಒರಟು ಸುವಾರ್ತೆಗೆ ಪ್ರವೇಶ ಸಿಕ್ಕೀತೇ ಎಂದು ಕುಟುಕಿದ್ದೂ ಅಲ್ಲೇ. ಆಕಾರವನ್ನು ಮಾತ್ರ ಎತ್ತಿಕೊಂಡ. ಲೆಕ್ಕ ಹಾಕಿ ನೋಡಿದರೆ ಅವನ ಆಯ್ಕೆ ಸರಿ ಎನಿಸುತ್ತದೆ. 120 ಅಡಿ ಉದ್ದದ ಗೋಡೆ ಕಟ್ಟುವಷ್ಟು ಕಲ್ಲು ಇದೆ ಎನ್ನಿ. ಚೌಕ ಕಟ್ಟಿದರೆ ಬದಿಗೆ 30 ಅಡಿ, ಒಳಗೆ 900 ಚದರಡಿ. ಅದೇ ಗೋಡೆಯನ್ನು ಬದಿಗೆ 15 ಅಡಿಯಂತೆ ಎಂಟು ಮೂಲೆಗೆ ತಿರುಗಿಸಿದರೆ ಸುಮಾರು 1,086 ಚದರಡಿ. ಅಷ್ಟೇ ಗೋಡೆಗೆ ಐದನೇ ಒಂದು ಪಾಲಿನಷ್ಟು ಹೆಚ್ಚು ಜಾಗ. ಜೊತೆಗೆ ದೂರದ ಮೂಲೆ ಎಂಬುದೇ ಇಲ್ಲ.

1763ರ ಯಾರ್ಮ್, 1764ರ ಹೆಪ್ಟನ್‌ಸ್ಟಾಲ್ ಇವೆರಡೂ ಈ ಬಗೆಯವು, ಇಂದಿಗೂ ನಿಂತಿವೆ. ಯಾರ್ಮ್‌ನದನ್ನು ಇಂಗ್ಲೆಂಡಿನಲ್ಲೇ ಅತಿ ಸೊಗಸಾದದ್ದೆಂದು ವೆಸ್ಲಿ ಕರೆದ. ಹೆಪ್ಟನ್‌ಸ್ಟಾಲ್ ಇರುವುದು ಪೆನೈನ್ ಬೆಟ್ಟದ ನೆತ್ತಿಯ ಮೇಲೆ, ಕೈಮಗ್ಗದ ನೇಕಾರರ ಊರಿನಲ್ಲಿ. ಅಲ್ಲಿ ಗೋಡೆ ಕಟ್ಟುವ ಕಲ್ಲುಕುಟಿಗರಿಗೆ ಬರವಿರಲಿಲ್ಲ, ಆದರೆ ಎಂಟು ಇಳಿಜಾರು ಒಂದು ತುದಿಗೆ ಬಂದು ಸೇರುವ ಮಾಡನ್ನು ಜೋಡಿಸುವ ಬಡಗಿಗಳು ಬೇಕಿತ್ತು. ಮಾಡನ್ನು ರಾದರ್‌ಹ್ಯಾಮ್‌ನಲ್ಲಿ ತಯಾರಿಸಿ, ಬಿಡಿಭಾಗಗಳನ್ನು ಕುದುರೆಗಳ ಮೇಲೆ ಹೇರಿ ಬೆಟ್ಟ ದಾಟಿಸಿ ತಂದರು.

ಅಷ್ಟಕೋನದ ಕಷ್ಟವೂ ಆ ಮಾಡಿನಲ್ಲೇ ಇದೆ. ಗೋಡೆಯ ನೆತ್ತಿಯಲ್ಲಿ ಹಾಸಿದ ಎಂಟು ಮರದ ಪಟ್ಟಿಗಳು ಒಂದಕ್ಕೊಂದು ಬಿಗಿದುಕೊಂಡು ಬಳೆಯಂತೆ ನಿಂತಿರುವವರೆಗೆ ಮಾಡಿನ ಒತ್ತಡ ಹೊರಕ್ಕೆ ತಳ್ಳುವುದಿಲ್ಲ. ಒಂದು ಮೂಲೆಯ ಕೀಲು ಕೊಳೆತರೆ ಬಳೆ ಒಡೆದಂತೆ. ಆ ಮೂಲೆಯ ಗೋಡೆ ಮೇಲಿನಿಂದ ಬಾಯಿ ಬಿಡುತ್ತದೆ. ಇನ್ನೊಂದು ತೊಂದರೆ, ಸಭೆ ಬೆಳೆದರೆ ಕಟ್ಟಡ ಬೆಳೆಯುವುದಿಲ್ಲ. ಹೆಪ್ಟನ್‌ಸ್ಟಾಲ್‌ನವರು 1802ರಲ್ಲಿ ಒಂದು ಕಡೆ ಕೆಡವಿ ಗೋಡೆಗಳನ್ನು ಉದ್ದ ಮಾಡಿದರು, ಹಾಗಾಗಿ ಈಗ ಅದು ಎಳೆದ ಅಷ್ಟಕೋನ. ಲಂಡನ್ನಿನ ಸಿಟಿ ರೋಡ್‌ನಲ್ಲಿ 1778ರಲ್ಲಿ ತೆರೆದ ವೆಸ್ಲಿಯ ಸ್ವಂತ ಚಾಪೆಲ್ ಆಯತಾಕಾರದ್ದು. ಆಮೇಲೆ ಎಂಟು ಮೂಲೆಯ ಗೊಡವೆಗೆ ಹೋದವರು ಕಡಿಮೆ.

ಸಾಮಾನ್ಯ ಹಳ್ಳಿಯ ಚಾಪೆಲ್ ಹೆಚ್ಚಾಗಿ ಆಯತವೇ, ಏಕೆಂದರೆ ಊರಿನ ಮೇಸ್ತ್ರಿಗೆ ಗೊತ್ತಿದ್ದದ್ದು ಅದೇ. ಟೀಸ್‌ಡೇಲ್ ಕಣಿವೆಯ ನ್ಯೂಬಿಗಿನ್‌ನಲ್ಲಿ 1760ರಲ್ಲಿ ಸೀಸದ ಗಣಿಯವರಿಗಾಗಿ ಎದ್ದ ಚಾಪೆಲ್ ಊರಿನ ಮನೆಗಳದೇ ಕಲ್ಲು, ಮನೆಗಳದೇ ಕೈಕೆಲಸ. ಲಿಂಕನ್‌ಷೈರಿನ ರೇತ್‌ಬಿಯಲ್ಲಿ ರಾಬರ್ಟ್ ಕಾರ್ ಬ್ರ್ಯಾಕೆನ್‌ಬರಿ ಎಂಬ ಜಮೀನುದಾರ 1779ರಲ್ಲಿ ತನ್ನ ಕುದುರೆ ಲಾಯದ ಮೇಲಂತಸ್ತಿನಲ್ಲೇ ಚಾಪೆಲ್ ಕಟ್ಟಿಸಿದ, ವೆಸ್ಲಿಯೇ ಬಂದು ಅದನ್ನು ತೆರೆದ. ಕಾರ್ನ್‌ವಾಲಿನಲ್ಲಿ ಬಿಲ್ಲಿ ಬ್ರೇ ಎಂಬ ಗಣಿ ಕಾರ್ಮಿಕ ಬೋಧಕ ಕಟ್ಟಿದ ಒಂದು ಚಾಪೆಲ್‌ಗೆ ಮೂರೇ ಕಿಟಕಿ ಇದ್ದದ್ದರಿಂದ ಅದರ ಹೆಸರೇ ‘ಮೂರು ಕಣ್ಣು’ ಎಂದಾಯಿತು.

ಆಯತದಲ್ಲಿ ಎರಡು ಜಾತಿ. ಹಳೆಯದರಲ್ಲಿ ಬಾಗಿಲು ಉದ್ದದ ಗೋಡೆಯಲ್ಲಿ. ಪ್ರಸಂಗಪೀಠ ಇನ್ನೊಂದು ಉದ್ದದ ಗೋಡೆಯ ನಡುಮಧ್ಯ, ಎರಡು ಎತ್ತರದ ಕಿಟಕಿಗಳ ನಡುವೆ. ಜನ ಬೋಧಕನ ಸುತ್ತ ಅರ್ಧವೃತ್ತದಂತೆ ಕೂರುತ್ತಾರೆ, ಯಾರೂ ದೂರವಿಲ್ಲ. ಹೊಸದರಲ್ಲಿ ಬಾಗಿಲು ತ್ರಿಕೋನ ಮುಡಿಯ ಗಿಡ್ಡ ಗೋಡೆಗೆ ಬಂತು. ಒಳಗೆ ಸಣ್ಣ ಪಡಸಾಲೆ, ಎರಡೂ ಬದಿ ಗ್ಯಾಲರಿಗೆ ಮೆಟ್ಟಿಲು, ಎದುರು ತುದಿಯಲ್ಲಿ ಪೀಠ. ಹತ್ತೊಂಬತ್ತನೇ ಶತಮಾನದಲ್ಲಿ ಇದೇ ಗೆದ್ದಿತು. ಬೀದಿಗೆ ಮುಖವೆಂಬುದೊಂದು ಸಿಕ್ಕಿತಲ್ಲ, ಅಲಂಕಾರಕ್ಕೆ ದುಡ್ಡಿದ್ದರೆ ಆ ಒಂದು ಗೋಡೆಗೆ ಸುರಿದರೆ ಸಾಕು. ಹಾಗಾಗಿ ಮುಂಭಾಗಕ್ಕೆ ನಯವಾಗಿ ಕೆತ್ತಿದ ಕಲ್ಲು, ಪಕ್ಕ ಮತ್ತು ಹಿಂದಕ್ಕೆ ಒರಟು ಗುಂಡುಕಲ್ಲು. ನನ್ನ ಮಟ್ಟಿಗೆ ಹಳೆಯ ಉದ್ದಗೋಡೆಯ ಕ್ರಮವೇ ಉತ್ತಮ, ಕಿವಿಗೂ ಕಣ್ಣಿಗೂ.

30 ಅಡಿಗೆ 24 ಅಡಿಯ ಕಟ್ಟಡ ಎಂದರೆ 720 ಚದರಡಿ. ತಲೆಗೆ 18 ಅಂಗುಲ ಬೆಂಚು, ಸಾಲಿನಿಂದ ಸಾಲಿಗೆ ಎರಡೂವರೆ ಅಡಿ; ಓಡಾಡುವ ದಾರಿ, ಪೀಠದ ಜಾಗ ಕಳೆದರೆ ನೂರರ ಆಸುಪಾಸು ಜನ. ಇನ್ನೂ ಜನ ಬಂದರೆ ಅಗ್ಗದ ದಾರಿ ಗ್ಯಾಲರಿ: ಹೊಸ ಜಾಗ ಬೇಡ, ಹೊಸ ಮಾಡು ಬೇಡ. ತೆಳುವಾದ ಎರಕದ ಕಬ್ಬಿಣದ ಕಂಬಗಳು, ಗೋಡೆಯೊಳಗೆ ತುದಿ ಹೂತ ತೊಲೆಗಳು, ಕಡಿದಾದ ಮೆಟ್ಟಿಲಿನಂಥ ನೆಲ. ಕೆಳಗಿನ ಕಿಟಕಿಗಳನ್ನು ಗ್ಯಾಲರಿ ಅಡ್ಡ ಹಾಯುತ್ತಿದ್ದರೆ, ಅದು ಆಮೇಲೆ ಸೇರಿಸಿದ್ದೆಂದು ಧೈರ್ಯವಾಗಿ ಹೇಳಬಹುದು.

ವೆಸ್ಲಿಯ ನಿಯಮಗಳಲ್ಲಿ ಕಿಟಕಿಯ ಬಗ್ಗೆಯೂ ಸೂಚನೆ ಇದೆ. ಮೇಲೆ ಕೆಳಗೆ ಜಾರುವ ಚೌಕಟ್ಟು ಇರಲಿ, ಅದು ಕೆಳಮುಖವಾಗಿ ತೆರೆಯಲಿ. ಕೇಳಲು ಸಣ್ಣದು, ಆದರೆ ಕಟ್ಟಡ ಬಲ್ಲವನ ಮಾತು. ಮೇಲಿನ ಚೌಕಟ್ಟನ್ನು ನಾಲ್ಕು ಅಂಗುಲ ಇಳಿಸಿದರೆ ನೂರು ಜನರ ಬಿಸಿ ಉಸಿರು ನೆತ್ತಿಯಿಂದ ಹೊರಹೋಗುತ್ತದೆ, ತಣ್ಣನೆಯ ಗಾಳಿ ಯಾರ ಕುತ್ತಿಗೆಗೂ ಹೊಡೆಯುವುದಿಲ್ಲ. ಗಾಜಿನಿಂದ ಕಟ್ಟಡದ ವಯಸ್ಸಿನ ಸುಳಿವೂ ಸಿಗುತ್ತದೆ. ಬ್ರಿಟನ್ನಿನಲ್ಲಿ ಗಾಜಿನ ಮೇಲಿನ ಸುಂಕ ರದ್ದಾದದ್ದು 1845ರಲ್ಲಿ. ಅದಕ್ಕೂ ಮುಂಚಿನ ಕಿಟಕಿಗಳಲ್ಲಿ ಸಣ್ಣ ಸಣ್ಣ ಚೌಕಗಳು, ಆಮೇಲಿನವುಗಳಲ್ಲಿ ದೊಡ್ಡ ಹಾಳೆಗಳು. ಇಟ್ಟಿಗೆಯ ಸುಂಕ 1850ರವರೆಗೂ ಇತ್ತು.

ಬೆಂಚುಗಳಿಗೆ ಬಂದರೆ ವೆಸ್ಲಿ ಸೋತ ಜಾಗ ಕಾಣುತ್ತದೆ. ಬಾಗಿಲಿರುವ ಪೆಟ್ಟಿಗೆ ಆಸನ ಬೇಡ, ಬೆಂಚಿಗೆ ಒರಗು ಬೇಡ, ಗಂಡಸರು ಹೆಂಗಸರು ಬೇರೆ ಬೇರೆ, ನಡುವೆ ಉದ್ದಕ್ಕೂ ಒಂದು ಕಂಬಿ ಎಂದು ಅವನ ನಿಯಮ. ಆದರೆ ಕಟ್ಟಡದ ಸಾಲಕ್ಕೆ ಹೊಣೆ ಟ್ರಸ್ಟಿಗಳು, ಅಂದರೆ ಊರಿನ ಕಮ್ಮಾರ, ದಿನಸಿ ಅಂಗಡಿಯವ, ನಾಲ್ಕೈದು ರೈತರು. ಬಡ್ಡಿ ಕಟ್ಟಲು ಅವರು ಕಂಡುಕೊಂಡ ದಾರಿ ಆಸನದ ಬಾಡಿಗೆ. ಬಾಡಿಗೆ ಕೊಟ್ಟವನಿಗೆ ಒರಗು ಬೇಕು, ಬಾಗಿಲು ಬೇಕು, ಬಾಗಿಲ ಮೇಲೆ ಸಂಖ್ಯೆ ಬೇಕು, ಕೊಡೆ ನಿಲ್ಲಿಸಲು ಕೊಂಡಿ, ಕೆಳಗೆ ನೀರು ಹಿಡಿಯಲು ಕಬ್ಬಿಣದ ತಟ್ಟೆ ಬೇಕು. ಬಾಡಿಗೆ ಕೊಡಲಾಗದವರಿಗೆ ಹಿಂದೆಯೋ ಗ್ಯಾಲರಿಯಲ್ಲೋ ಬರೀ ಹಲಗೆ. ಇಂದಿಗೂ ಹಳೆಯ ಚಾಪೆಲ್‌ನಲ್ಲಿ ಯಾವ ಸಾಲಿಗೆ ಬಾಗಿಲಿದೆ, ಯಾವುದಕ್ಕಿಲ್ಲ ಎಂದು ನೋಡುತ್ತಾ ನಡೆದರೆ ಊರಿನ ಆದಾಯದ ಪಟ್ಟಿಯೇ ಸಿಗುತ್ತದೆ.

ಪ್ರಸಂಗಪೀಠದ ಕಥೆ ಬೇರೆ. ಪೀಪಾಯಿಯಂಥ ಪೀಠ ಬೇಡ, ಮುಂಚಾಚಿದ ಚೌಕ ಕಟ್ಟೆ, ಹಿಂದೆ ಉದ್ದನೆಯ ಬೆಂಚು ಇರಲಿ ಎಂದಿದ್ದ ವೆಸ್ಲಿ. ಆ ಬೆಂಚೇ ಮುಂದೆ ಹಿಗ್ಗುತ್ತಾ ಹೋಗಿ, ವಿಕ್ಟೋರಿಯಾ ರಾಣಿಯ ಕಾಲಕ್ಕೆ ಎರಡೂ ಕಡೆ ಮೆಟ್ಟಿಲಿರುವ, ನಾಲ್ಕಾರು ಜನ ಕೂರಬಲ್ಲ ವೇದಿಕೆಯಾಯಿತು. ಅದರ ಬುಡದಲ್ಲಿ ಪ್ರಭುಭೋಜನದ ಸಣ್ಣ ಮೇಜು, ಮೇಜಿನ ಸುತ್ತ ಮೊಣಕಾಲೂರಲು ಬಾಗಿದ ಕಟಕಟೆ. ಹಿಂದಿನ ಗೋಡೆಗೆ ಹಾರ್ಮೋನಿಯಂ, ದುಡ್ಡಾದ ಮೇಲೆ ಕೊಳವೆಯ ಆರ್ಗನ್. ಬೋಧಕನಿಗೆ ಎದುರಾಗಿ ಗ್ಯಾಲರಿಯ ಮುಂಪಟ್ಟಿಯಲ್ಲಿ ಗಡಿಯಾರ ಇರುತ್ತದೆ, ಯಾಕೆಂದು ವಿವರಿಸಬೇಕಿಲ್ಲ.

ಒಂದೇ ಹಳ್ಳಿಯಲ್ಲಿ ಎರಡು ಮೂರು ಮೆಥಡಿಸ್ಟ್ ಚಾಪೆಲ್ ಯಾಕೆ ಎಂಬ ಪ್ರಶ್ನೆಗೆ ಉತ್ತರ ಒಡಕು. 1797ರಲ್ಲಿ ನ್ಯೂ ಕನೆಕ್ಷನ್, 1811ರಿಂದ ಪ್ರಿಮಿಟಿವ್ ಮೆಥಡಿಸ್ಟರು, 1815ರಲ್ಲಿ ಬೈಬಲ್ ಕ್ರಿಶ್ಚಿಯನ್ನರು, ಹೀಗೆ ಒಂದೊಂದೇ ಪಂಗಡ ಬೇರೆಯಾಯಿತು. ಪ್ರಿಮಿಟಿವ್‌ಗಳದು ಹೆಚ್ಚು ಬಡ ಪಂಗಡ. ಚೆಷೈರಿನ ಎಂಗಲ್ಸೀ ಬ್ರೂಕ್‌ನಲ್ಲಿರುವ 1828ರ ಅವರ ಪುಟ್ಟ ಇಟ್ಟಿಗೆಯ ಚಾಪೆಲ್ ಈಗ ವಸ್ತುಸಂಗ್ರಹಾಲಯ, ಸ್ಥಾಪಕರಲ್ಲಿ ಒಬ್ಬನಾದ ಹ್ಯೂ ಬೋರ್ನ್‌ನ ಸಮಾಧಿ ಅಲ್ಲೇ ಹತ್ತಿರದಲ್ಲಿದೆ. 1932ರಲ್ಲಿ ಪ್ರಮುಖ ಪಂಗಡಗಳು ಒಂದಾದ ಮೇಲೆ ಹಳ್ಳಿಗೊಂದು ಚಾಪೆಲ್ ಸಾಕಾಯಿತು. ಮಿಕ್ಕವು ಗ್ಯಾರೇಜು, ಗೋದಾಮು, ಮನೆ.

ವೆಸ್ಲಿಯ ಭಯ ಕಲ್ಲಿನಲ್ಲೇ ಬರೆದಿರುವುದನ್ನು ನೋಡಬೇಕಾದರೆ 1860ರ ನಂತರದ ಮುಂಭಾಗ ನೋಡಬೇಕು. ಮಂಡಿಯೆತ್ತರದಲ್ಲಿ ಅಡಿಗಲ್ಲುಗಳ ಸಾಲು, ಪ್ರತಿಯೊಂದರ ಮೇಲೂ ದಾನಿಯ ಹೆಸರು: ಗಿರಣಿ ಮಾಲೀಕ, ಪಟ್ಟಣದ ವರ್ತಕ, ಅವರ ಹೆಂಡತಿಯರು. ಕಲ್ಲು ಇಡುವ ಗೌರವಕ್ಕೆ ದೊಡ್ಡ ಕಾಣಿಕೆ. ಸಣ್ಣ ಕಾಣಿಕೆಯವರಿಗೆ ಹೆಸರಿನ ಮೊದಲಕ್ಷರ ಕೆತ್ತಿದ ಒಂದೊಂದು ಇಟ್ಟಿಗೆ. ಅದೇ ಹೊತ್ತಿಗೆ ಶೈಲಿಯೂ ಬದಲಾಯಿತು. ಲಿಂಕನ್‌ನಲ್ಲಿ ವಾಸ್ತುಶಿಲ್ಪಿಯ ಬಳಿ ಕಲಿತಿದ್ದ ಫ್ರೆಡ್ರಿಕ್ ಜಾಬ್ಸನ್ ಎಂಬ ವೆಸ್ಲಿಯನ್ ಬೋಧಕ 1850ರಲ್ಲಿ, ದೇವರ ಮನೆಗೆ ಗಾಥಿಕ್ ಶೈಲಿಯೇ ತಕ್ಕದ್ದು ಎಂದು ವಾದಿಸಿದ. ಹಳ್ಳಿಗಳಲ್ಲಿ ಇದರ ಫಲ ಸ್ವಲ್ಪ ವಿಚಿತ್ರ: ಒಳಗೆ ಅದೇ ಆಯತದ ಪೆಟ್ಟಿಗೆ, ಹೊರಗೆ ಚೂಪು ಕಮಾನಿನ ಕಿಟಕಿ. ಕನ್ನಡ ನಾಡಿಗೆ ವೆಸ್ಲಿಯನ್ ವಾಸ್ತು ಬಂದು ಗಟ್ಟಿಯಾದದ್ದೂ ಈ ಗಾಥಿಕ್ ವೇಷದಲ್ಲಿಯೇ. ಗುಬ್ಬಿಯಲ್ಲಿ ಥಾಮಸ್ ಹಾಡ್ಸನ್ ಮಿಷನ್ ನೆಲೆ ಊರಿದ್ದು 1837ರಲ್ಲಿ. ಬೆಂಗಳೂರಿನ ಕಾರ್ಪೊರೇಷನ್ ವೃತ್ತದ ಹಡ್ಸನ್ (ಈತ ಬೇರೊಬ್ಬ) ಸ್ಮಾರಕ ದೇವಾಲಯ ಎದ್ದದ್ದು 1904ರಲ್ಲಿ. ಕನ್ನಡದಲ್ಲಿ ಆರಾಧನೆ ನಡೆಯುವ ಆ ಕಲ್ಲಿನ ಕಟ್ಟಡ ನೋಡಿದವರಿಗೆ, ಇದರ ಹಿರಿಯರು ಕಣಜದಂಥ ಮನೆಗಳಲ್ಲಿ ಹಾಡುತ್ತಿದ್ದರು ಎಂದರೆ ನಂಬುವುದು ಕಷ್ಟ.

ಇನ್ನು ಈ ಕಟ್ಟಡಗಳು ಕೆಡುವ ಬಗೆ. ಅಗ್ಗದಲ್ಲಿ ಕಟ್ಟಿದ್ದಕ್ಕೆ ಅದರದೇ ಆದ ರೋಗಗಳಿವೆ, ಅವು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ.

ಮಾಡಿನಿಂದ ಶುರು ಮಾಡೋಣ. ಸ್ಲೇಟ್ ಕಲ್ಲು ನೂರಾರು ವರ್ಷ ಬಾಳುತ್ತದೆ, ಅದನ್ನು ಹಿಡಿದ ಕಬ್ಬಿಣದ ಮೊಳೆ ಬಾಳುವುದಿಲ್ಲ. ಅಲ್ಲೊಂದು ಇಲ್ಲೊಂದು ಜಾರಿದ ಸ್ಲೇಟನ್ನು ಸೀಸದ ಪಟ್ಟಿ ಮಡಿಚಿ ಸಿಕ್ಕಿಸುತ್ತಾರೆ. ಕೆಳಗೆ ನಿಂತು ನೋಡಿದಾಗ ಅಂಥ ಪಟ್ಟಿಗಳು ಇಳಿಜಾರಿನ ತುಂಬ ಹರಡಿಕೊಂಡಿದ್ದರೆ ಮೊಳೆಗಳೆಲ್ಲ ತುಕ್ಕು ಹಿಡಿದಿವೆ ಎಂದೇ ಅರ್ಥ. ಆಗ ಬಿಡಿ ರಿಪೇರಿ ದಂಡ. ಪೂರ್ತಿ ಬಿಚ್ಚಿ, ಗಟ್ಟಿ ಸ್ಲೇಟ್‌ಗಳನ್ನು ಆರಿಸಿಕೊಂಡು, ತಾಮ್ರದ ಮೊಳೆಯಲ್ಲಿ ಮತ್ತೆ ಹೊದಿಸಬೇಕು. ಗೋಡೆಯಿಂದ ಗೋಡೆಗೆ ಅಡ್ಡ ಹಾಯುವ ತೊಲೆ, ಕೈಮರಗಳ ಅಂದರೆ ಮಾಡನ್ನು ಹೊತ್ತ ಇಳಿಜಾರು ಮರಗಳ ಬುಡವನ್ನು ಕಟ್ಟಿ ಹಿಡಿದಿರುತ್ತದೆ. ಎಷ್ಟೋ ಕಡೆ ಒಳಮಾಳಿಗೆಯನ್ನು ಕಮಾನಿನಂತೆ ಎತ್ತರಿಸುವ ಆಸೆಯಿಂದ ಈ ತೊಲೆಯನ್ನು ಮೇಲಕ್ಕೇರಿಸಿಬಿಟ್ಟಿದ್ದಾರೆ. ಕೈಮರ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ಗುರುತು: ಉದ್ದಗೋಡೆಗೆ ಸಮಾನಾಂತರವಾಗಿ ಮಾಳಿಗೆಯ ಅಂಚಿನಲ್ಲಿ ಬಿರುಕು, ಗೋಡೆಯ ನೆತ್ತಿ ಹೊರಬಾಗಿರುವುದು. ಬಿರುಕು ಕಂಡ ಕೂಡಲೇ ಗಾಬರಿಯಾಗಬೇಕಿಲ್ಲ. ಅಳತೆಪಟ್ಟಿ ಅಂಟಿಸಿ ಒಂದು ವರ್ಷವಾದರೂ ಗಮನಿಸಬೇಕು, ಬೇಸಿಗೆ ಚಳಿಗಾಲಕ್ಕೆ ತಾನಾಗಿ ಹಿಗ್ಗಿ ಕುಗ್ಗುವ ಬಿರುಕುಗಳೂ ಇರುತ್ತವೆ. ಹೆಚ್ಚುತ್ತಲೇ ಇದ್ದರೆ ಎದುರುಬದುರು ಗೋಡೆಗಳನ್ನು ಉಕ್ಕಿನ ಸರಳಿನಿಂದ ಬಿಗಿಯುವುದು ರೂಢಿ.

ಮುಂಭಾಗದ ನಯಗಲ್ಲು ಗೋಡೆ ಬೇರೆ ಸಮಸ್ಯೆ. ಅದನ್ನು ಪಕ್ಕದ ಗುಂಡುಕಲ್ಲು ಗೋಡೆಗೆ ಸರಿಯಾಗಿ ಹಲ್ಲು ಕೂಡಿಸದೆ ಆನಿಸಿ ನಿಲ್ಲಿಸಿದ್ದರೆ ಮೂಲೆಯಲ್ಲಿ ನೆಟ್ಟಗೆ ಬಿರುಕು ಬಿಡುತ್ತದೆ. ಮುಂಭಾಗ ಎತ್ತರ ಕಾಣಲೆಂದು ಮಾಡಿಗಿಂತ ಮೇಲೆ ಏರಿಸಿದ್ದರೆ, ಅದರ ಬೆನ್ನಿಗೆ ಮಳೆನೀರು ಹಿಡಿಯುವ ಸೀಸದ ದೋಣಿ ಇರುತ್ತದೆ; ನೆಲದಿಂದ ಕಾಣದ್ದರಿಂದ ಯಾರೂ ಹತ್ತಿ ನೋಡುವುದಿಲ್ಲ. ಎರಕದ ಕಬ್ಬಿಣದ ದೋಣಿ, ಕೊಳವೆಗಳ ಹಿಂಬದಿಗೂ ಬಣ್ಣದ ಕುಂಚ ಮುಟ್ಟಿರುವುದಿಲ್ಲ, ತುಕ್ಕು ಅಲ್ಲಿಂದಲೇ ತಿನ್ನುತ್ತದೆ. ಪರೀಕ್ಷಿಸಲು ಒಳ್ಳೆಯ ಸಮಯ ಜೋರು ಮಳೆ ಸುರಿಯುವಾಗ.

ಗೋಡೆ ಸುಮಾರು 20 ಅಂಗುಲ ದಪ್ಪ: ಒಳಗೊಂದು ಹೊರಗೊಂದು ಕಲ್ಲಿನ ಪದರ, ನಡುವೆ ಚೂರುಕಲ್ಲು ಮತ್ತು ಸುಣ್ಣದ ಗಾರೆ. ಇದು ಮಳೆಯಲ್ಲಿ ನೆನೆದು ಸಂದಿನ ಗಾರೆಯ ಮೂಲಕ ಒಣಗುವ ಗೋಡೆ. ಇಪ್ಪತ್ತನೇ ಶತಮಾನದಲ್ಲಿ, ಒಳ್ಳೆಯ ಉದ್ದೇಶದಿಂದಲೇ, ಸಂದಿಗಳಿಗೆ ಸಿಮೆಂಟ್ ತುಂಬಿದರು. ಕೂದಲೆಳೆ ಬಿರುಕಿನಲ್ಲಿ ಒಳಹೋದ ನೀರಿಗೆ ಹೊರಬರಲು ದಾರಿಯಿಲ್ಲ. ಅದು ಕಲ್ಲಿನ ಮೂಲಕವೇ ಬರುತ್ತದೆ. ಚಳಿಗಾಲದಲ್ಲಿ ಹೆಪ್ಪುಗಟ್ಟಿ ಕಲ್ಲಿನ ಮೈ ಉದುರುತ್ತದೆ, ಸಿಮೆಂಟ್ ಮಾತ್ರ ಜೇನುಗೂಡಿನ ಗೋಡೆಯಂತೆ ಎದ್ದು ನಿಂತಿರುತ್ತದೆ. ಒಳಗೆ ಗಿಲಾವಿನ ಮೇಲೆ ಉಪ್ಪು.

ಸರಿಪಡಿಸುವುದು ನಿಧಾನದ ಕೆಲಸ. ಸಿಮೆಂಟನ್ನು ಉಳಿ ಸುತ್ತಿಗೆಯಿಂದ ಬಿಡಿಸಬೇಕು, ತಿರುಗುವ ಗರಗಸ ಹಚ್ಚಿದರೆ ಕಲ್ಲಿನ ಅಂಚು ಹೋಗುತ್ತದೆ. ಬಿಡದೆ ಹಿಡಿದುಕೊಂಡಿದ್ದನ್ನು ಹಾಗೇ ಬಿಟ್ಟು ಸಡಿಲವಾಗಲು ಕಾಯುವುದು ಮೇಲು. ಸಂದಿನ ಅಗಲದ ಎರಡರಷ್ಟು, ಕನಿಷ್ಠ 25 ಮಿಲಿಮೀಟರ್ ಆಳ ಕೆರೆಯಬೇಕು. ಧೂಳು ತೆಗೆದು, ನೀರು ಸಿಂಪಡಿಸಿ, ಕಲ್ಲು ಅದನ್ನು ಕುಡಿದ ಮೇಲೆ ಗಾರೆ: ಸುಣ್ಣ ಒಂದು ಪಾಲು, ದಪ್ಪ ಸಣ್ಣ ಎರಡೂ ಕಾಳಿರುವ ಹರಿತ ಮರಳು ಎರಡೂವರೆಯಿಂದ ಮೂರು ಪಾಲು. ಹಿಂದಿನವರೆಗೆ ಒತ್ತಿ ತುಂಬಿ, ಅರ್ಧ ಬಿಗಿದಾಗ ಗಡುಸು ಕುಂಚದ ತುದಿಯಿಂದ ಕುಟ್ಟಿದರೆ ಮೈ ತೆರೆದುಕೊಂಡು ಒಣಗಲು ಅನುಕೂಲ. ಹಸಿ ಗೋಣಿತಟ್ಟು ಇಳಿಬಿಟ್ಟು ಕೆಲವು ದಿನ ಬಿಸಿಲು ಗಾಳಿಯಿಂದ ಕಾಯಬೇಕು. ತಾಪಮಾನ 5 ಡಿಗ್ರಿಗಿಂತ ಕೆಳಗಿಳಿಯುವ ದಿನಗಳಲ್ಲಿ ಈ ಕೆಲಸಕ್ಕೆ ಕೈ ಹಾಕಬಾರದು. ಅವಸರದ ಗುತ್ತಿಗೆದಾರರು ಸುಣ್ಣಕ್ಕೆ ಒಂದು ಹಿಡಿ ಸಿಮೆಂಟ್ ಬೆರೆಸುತ್ತಾರೆ. ಎರಡರ ಗುಣವೂ ಸಿಗುವುದಿಲ್ಲ.

ತೇವ ಒಳಗಿನಿಂದಲೂ ಬರುತ್ತದೆ. ಹಿಂದೆ ಭಾನುವಾರ ಬೆಳಗಿನಿಂದ ರಾತ್ರಿಯವರೆಗೆ ಕಬ್ಬಿಣದ ಒಲೆ ಉರಿಯುತ್ತಿತ್ತು, ಹೊಗೆಕೊಳವೆ ತೇವವನ್ನು ಎಳೆದೊಯ್ಯುತ್ತಿತ್ತು. ಈಗ ವಾರಕ್ಕೊಂದು ಗಂಟೆ ಹೀಟರ್. ಹೊಗೆಕೊಳವೆಯಿಲ್ಲದ ಅನಿಲದ ಹೀಟರ್ ಆದರೆ ಒಂದು ಘನ ಮೀಟರ್ ಅನಿಲ ಉರಿದಾಗ ಸುಮಾರು ಒಂದೂವರೆ ಲೀಟರ್ ನೀರು ಆವಿಯಾಗಿ ಕೋಣೆಗೇ ಬರುತ್ತದೆ, ತಣ್ಣನೆಯ ಗೋಡೆಯ ಮೇಲೆ ಹನಿಯಾಗಿ ಇಳಿಯುತ್ತದೆ. ವೆಸ್ಲಿ ಹೇಳಿದ ಕಿಟಕಿಗಳನ್ನು ಎಂದೋ ಬಣ್ಣ ಬಳಿದು ಅಂಟಿಸಿಯಾಗಿದೆ. ಮಾಳಿಗೆಯ ನಡುವಿನ ಗಿಲಾವಿನ ಹೂವು ಎಷ್ಟೋ ಕಡೆ ಗಾಳಿಗಂಡಿಯೂ ಹೌದು. ಮೇಲೆ ನಿರೋಧಕ ಹಾಸುವಾಗ ಅದನ್ನೂ ಮುಚ್ಚಿಬಿಡುತ್ತಾರೆ. ಎರಡು ಕಿಟಕಿಯ ಮೇಲ್ಚೌಕಟ್ಟಿಗೆ ಹೊಸ ಹಗ್ಗ ಕಟ್ಟಿ, ಗಿಲಾವಿನ ಹೂವಿನ ತೂತು ಬಿಡಿಸುವುದು ಯಾವ ಯಂತ್ರಕ್ಕಿಂತಲೂ ಅಗ್ಗದ ಮದ್ದು.

ಗ್ಯಾಲರಿಯಲ್ಲಿ ನೋಡಬೇಕಾದದ್ದು ಗೋಡೆಯೊಳಗೆ ಹೂತ ತೊಲೆಯ ತುದಿ. ಮರದ ತೇವ ಶೇಕಡಾ 20 ದಾಟಿದರೆ ಬೂಷ್ಟು ಹಿಡಿಯುವ ಅಪಾಯ. ಮೇಲಿಂದ ಗಟ್ಟಿಯಾಗಿ ಕಾಣುವ ತೊಲೆಯ ಕೊನೆಯ ಅರ್ಧ ಅಡಿ ಪುಡಿಯಾಗಿರುತ್ತದೆ. ಗ್ಯಾಲರಿಯ ಮುಂಪಟ್ಟಿ ಎರಡೂವರೆ ಮೂರು ಅಡಿಗಿಂತ ಎತ್ತರವಿರುವುದು ಅಪರೂಪ, ಇಂದಿನ ರೂಢಿಯ ಅಳತೆ 1,100 ಮಿಲಿಮೀಟರ್. ಅದಕ್ಕೆಂದು ಗ್ಯಾಲರಿಗೆ ಬೀಗ ಹಾಕಿಬಿಡುವವರುಂಟು. ಮುಂಪಟ್ಟಿಯ ಮೇಲೆ ಸಣ್ಣ ಹಿತ್ತಾಳೆ ಕಂಬಿ ಹಾಯಿಸಿದರೂ ಕೆಲಸ ನಡೆಯುತ್ತದೆ.

ಮಾರಾಟಕ್ಕೆ ಬಂದ ಚಾಪೆಲ್‌ನ ಕಾನೂನು ಬೇರೆ. ಆರಾಧನೆ ನಡೆಯುತ್ತಿರುವವರೆಗೆ ಸಂರಕ್ಷಿತ ಕಟ್ಟಡದ ಬದಲಾವಣೆಗೆ ಮೆಥಡಿಸ್ಟ್ ಸಭೆಯದೇ ಒಪ್ಪಿಗೆ ವ್ಯವಸ್ಥೆ ಇದೆ. ಮಾರಿದ ಮೇಲೆ ಸ್ಥಳೀಯ ಆಡಳಿತದ ಅನುಮತಿ ಬೇಕು. ಮನೆಯಾಗಿ ಬದಲಿಸುವವರು ಮೊದಲು ಮಾಡುವುದು ಎರಡಂತಸ್ತಿನ ಎತ್ತರಕ್ಕೆ ನಡುವೆ ನೆಲ ಹಾಕುವುದು. ಆ ನೆಲ ಎತ್ತರದ ಕಿಟಕಿಯನ್ನು ಹೊಟ್ಟೆಯಲ್ಲೇ ಕತ್ತರಿಸುತ್ತದೆ. ಕಿಟಕಿಯಿಂದ ನಾಲ್ಕೈದು ಅಡಿ ಹಿಂದಕ್ಕೇ ನೆಲ ನಿಲ್ಲಿಸಿದರೆ, ಅಂದರೆ ಹೊಸ ಮಹಡಿಯನ್ನು ಹಳೆಯ ಗ್ಯಾಲರಿಯ ಜಾಗಕ್ಕೇ ಸೀಮಿತಗೊಳಿಸಿದರೆ, ಬೆಳಕೂ ಉಳಿಯುತ್ತದೆ ಎತ್ತರವೂ ಉಳಿಯುತ್ತದೆ.

ಬೆಂಚು ಕೀಳುವ ಮುಂಚೆ ಕೆಳಗೆ ಏನಿದೆ ಎಂದು ಒಂದು ಹಲಗೆ ಎತ್ತಿ ನೋಡಿಕೊಳ್ಳಬೇಕು. ಓಡಾಡುವ ದಾರಿಗೆ ಮಾತ್ರ ಕಲ್ಲುಚಪ್ಪಡಿ ಹಾಸಿ, ಬೆಂಚುಗಳನ್ನು ಅದಕ್ಕಿಂತ ನಾಲ್ಕಾರು ಅಂಗುಲ ಎತ್ತರದ ಮರದ ಜಗಲಿಯ ಮೇಲೆ ಕೂರಿಸಿರುತ್ತಾರೆ. ಜಗಲಿಯ ಅಡಿಗೆ ಮಣ್ಣು, ಗಿಡ್ಡ ಗೋಡೆಗಳು, ಗಾಳಿಯಾಡಲು ಹೊರಗೋಡೆಯಲ್ಲಿ ಬಿಟ್ಟ ಸಣ್ಣ ಜಾಲರಿ ಕಿಂಡಿಗಳು. ಹೊರಗೆ ವರ್ಷವರ್ಷ ಡಾಂಬರು ಏರಿಸಿ ಆ ಕಿಂಡಿಗಳನ್ನು ಹೂತುಹಾಕಿದ್ದರೆ ಜಂತಿಗಳು ಆಗಲೇ ಕೊಳೆತಿರುತ್ತವೆ. ಎಲ್ಲ ಕಿತ್ತು ಕಾಂಕ್ರೀಟ್ ಸುರಿದರೆ ನೆಲದ ತೇವ ಗೋಡೆಗೆ ಏರುತ್ತದೆ, ಬಿಟ್ಟರೆ ಒಂದೇ ಮಟ್ಟದ ನೆಲ ಸಿಗುವುದಿಲ್ಲ. ಮೊದಲು ಹೊರಗಿನ ಡಾಂಬರು ಅಗೆದು ಕಿಂಡಿ ಬಿಡಿಸಿ, ಒಂದು ಚಳಿಗಾಲ ಒಣಗಲು ಬಿಟ್ಟು, ಆಮೇಲೆ ಹೊಸ ಜಂತಿಗೆ ಅಂದಾಜು ಬರೆಸಬೇಕು. ಬೆಂಚು ತೆಗೆಯುವ ಖರ್ಚಿಗಿಂತ ಅದರ ಅಡಿಯ ನೆಲ ಕಟ್ಟುವ ಖರ್ಚು ಎಷ್ಟೋ ಪಾಲು ದೊಡ್ಡದು.